ಕೆರೆ ತುಂಬಿತು, ದೇವನಕ್ಕಿ ಬರಲಿಲ್ಲ: ದಕ್ಷಿಣ ಕೊಡಗಿನ ಒಂದು ಗದ್ದೆ ಬಯಲಿನ ಪ್ರಕರಣ ಅಧ್ಯಯನ

ಕೆರೆಯ ಹೂಳೆತ್ತಿಸಿದ ನಂತರದ ಮೊದಲ ಮಳೆಗಾಲ. ಕಕ್ಕಡ, ಅಂದರೆ ಕೊಡವರ ಜೋರು ಮಳೆಯ ತಿಂಗಳು, ಮುಗಿಯುತ್ತಾ ಬಂದಿತ್ತು. ದೊಡ್ಡಪ್ಪ ಕೊಡೆ ಹಿಡಿದು ಏರಿ ಮೇಲೆ ನಿಂತಿದ್ದರು. ಕೆರೆ ಅಂಚಿನ ತನಕ ತುಂಬಿತ್ತು. ಅಷ್ಟು ನೀರನ್ನು ನಾನು ಹುಟ್ಟಿದ ಮೇಲೆ ಅಲ್ಲಿ ಕಂಡಿರಲಿಲ್ಲ. ಆದರೂ ದೊಡ್ಡಪ್ಪನ ಮುಖದಲ್ಲಿ ಸಂತೋಷ ಇರಲಿಲ್ಲ.

"ನೀರೇನೋ ಬಂತು ಮಾರಾಯ. ಆದ್ರೆ ಈ ಕೆರೆ ಯಾಕೋ ಸದ್ದೇ ಮಾಡ್ತಿಲ್ಲ" ಅಂದರು.

ಕಿವಿಗೊಟ್ಟು ನಿಂತೆ. ಮಳೆ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹಿಂದೆಲ್ಲ ಆ ಹೊತ್ತಿಗೆ ಹುಂಡುಕೋಳಿಗಳ 'ಕ್ರ್ವಾಕ್ ಕ್ರ್ವಾಕ್' ಕೂಗು ಮನೆ ಜಗಲಿಗೆ ಕೇಳುತ್ತಿತ್ತು. ಶಿಳ್ಳೆ ಬಾತುಗಳು ಸಂಜೆ ಸುತ್ತು ಹಾಕುತ್ತಿದ್ದವು. ತೇಲುವ ಎಲೆಗಳ ಮೇಲೆ ದೇವನಕ್ಕಿ ಉದ್ದ ಬೆರಳಿನ ಕಾಲಿಟ್ಟು ನಡೆಯುತ್ತಿತ್ತು. ಆ ದಿನ ಕಂಡದ್ದು ಒಣ ಕೊಂಬೆಯ ಮೇಲೆ ರೆಕ್ಕೆ ಹರಡಿ ಕೂತ ಒಂದು ನೀರುಕಾಗೆ ಮಾತ್ರ.

ಕೆರೆ ಉಳಿಸಬೇಕು ಅಂತಲೇ ಹೂಳೆತ್ತಿಸಿದ್ದೆವು. ಕೆಡಿಸುವ ಉದ್ದೇಶ ಯಾರಿಗೂ ಇರಲಿಲ್ಲ. ಹಾಗಿದ್ದೂ ಹಕ್ಕಿ ಯಾಕೆ ಹೋಯಿತು, ಅದನ್ನು ಕಂಡುಕೊಳ್ಳಲು ನಮಗೆ ಎಷ್ಟು ಸಮಯ ಹಿಡಿಯಿತು, ಆಮೇಲೆ ಏನು ಮಾಡಿದೆವು, ಅದರಲ್ಲಿ ಯಾವುದು ಫಲ ಕೊಟ್ಟಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊಡಗಿನ ಎಷ್ಟೋ ಬಯಲುಗಳಲ್ಲಿ ಇದೇ ಕಥೆ ನಡೆಯುತ್ತಿದೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜಾಗ

ಪೊನ್ನಂಪೇಟೆ ತಾಲ್ಲೂಕಿನ ಒಂದು ಸಣ್ಣ ಬಯಲು ಇದು. ಎರಡು ಕಡೆ ಕಾಫಿ ತೋಟದ ಇಳಿಜಾರು, ನಡುವೆ ಉದ್ದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ. ಬಯಲಿನ ತಲೆಯಲ್ಲಿ ಕೆರೆ. ಕೆರೆಯ ಕೋಡಿ ನೀರು ತೋಡಾಗಿ ಗದ್ದೆಗಳ ಪಕ್ಕದಲ್ಲೇ ಹರಿದು ಕೊನೆಗೆ ಲಕ್ಷ್ಮಣತೀರ್ಥ ಸೇರುತ್ತದೆ. ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪುವಿನಲ್ಲಿ ಧುಮುಕಿ, ಹುಣಸೂರು ದಾಟಿ ಹೋಗುವ ಆ ಹೊಳೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಗೆ ಕೂಡುತ್ತದೆ. ಅಣೆಕಟ್ಟೆಯ ಕೆಳಗಿರುವುದೇ ರಂಗನತಿಟ್ಟು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದ ಮೇಲೆ ಪಕ್ಷಿಧಾಮವಾದ ಜಾಗ. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೂ ಆಯಿತು. ನಮ್ಮ ಗದ್ದೆಯ ನೀರು ಆ ಹಕ್ಕಿಗಳ ಕಾಲ ಕೆಳಗೂ ಹರಿಯುತ್ತದೆ ಅನ್ನುವುದು ನನಗೆ ತುಂಬಾ ಹತ್ತಿರದ ಸಂಗತಿ.

ಕೊಡಗಿನ ಭೂಮಿಯ ಹಳೇ ಕ್ರಮವನ್ನು ಇಲ್ಲಿ ಹೇಳಲೇಬೇಕು. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿ ಅಂದರೆ ಮೊದಲಿಗೆ ಗದ್ದೆ. ಗದ್ದೆಗೆ ಸೇರಿದಂತೆ ಮೇಲಿನ ಕಾಡು ಗುಡ್ಡವನ್ನು ಬಾಣೆ ಅಂತ ಕೊಡುತ್ತಿದ್ದರು. ಸೊಪ್ಪು, ಗೊಬ್ಬರ, ಸೌದೆ, ದನ ಮೇಯಿಸಲು ಜಾಗ, ಎಲ್ಲವೂ ಬಾಣೆಯಿಂದ. ಬಾಣೆ ಇದ್ದದ್ದೇ ಗದ್ದೆಯ ಸಲುವಾಗಿ. ಬರಬರುತ್ತಾ ಬಾಣೆ ಕಾಫಿ ತೋಟವಾಯಿತು, ಮನೆ ನಡೆಸುವ ದುಡ್ಡು ಅಲ್ಲಿಂದಲೇ ಬರತೊಡಗಿತು. ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಈ ಒಂದು ಸಣ್ಣ ಜಿಲ್ಲೆಯಲ್ಲೇ ಬೆಳೆಯುತ್ತದೆ. ಈಗ ತೋಟದ ಲೆಕ್ಕಾಚಾರ ನೋಡಿ ಗದ್ದೆಯ ಹಣೆಬರಹ ಬರೆಯುತ್ತೇವೆ. ನಮ್ಮ ಬಯಲಿನಲ್ಲಿ ನಡೆದದ್ದೂ ಅದೇ.

ಗದ್ದೆಯ ವರ್ಷ, ಹಕ್ಕಿಯ ವರ್ಷ

ಮೊದಲು, ಎಲ್ಲ ಸರಿ ಇದ್ದಾಗ ಬಯಲು ಹೇಗಿತ್ತು ಅಂತ ಹೇಳುತ್ತೇನೆ. ಇಲ್ಲಿ ವರ್ಷಕ್ಕೆ ಒಂದೇ ಬೆಳೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಉಳುಮೆ. ಟಿಲ್ಲರ್ ಗದ್ದೆಗೆ ಇಳಿದರೆ ಸಾಕು, ಗೋವಕ್ಕಿಗಳು ಎಲ್ಲಿಂದಲೋ ಬಂದು ಹಿಂದೆಯೇ ಸಾಲಾಗಿ ನಡೆಯುತ್ತವೆ. ಆ ಹೊತ್ತಿಗೆ ಅವುಗಳ ತಲೆ, ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಬದುವಿನ ಮೇಲೆ ಮಣ್ಣಿನ ಬಣ್ಣದಲ್ಲಿ ಅಡಗಿ ಕೂತ ಕೊಳಬಕಗಳ ಬೆನ್ನು ಕೂಡ ಆಗ ಕಡುಗೆಂಪು. ಮಣ್ಣಿನಿಂದ ಎದ್ದ ಹುಳ, ಕಪ್ಪೆಮರಿ, ಸಣ್ಣ ಏಡಿ ಎಲ್ಲವೂ ಅವುಗಳ ಪಾಲು. ಮರಿ ಸಾಕುವ ಕಾಲವೂ ಉಳುಮೆಯ ಕಾಲವೂ ಒಂದೇ ಆಗಿರುವುದು ಸುಮ್ನೆ ಅಲ್ಲ.

ಜುಲೈ, ಆಗಸ್ಟ್‌ನಲ್ಲಿ ನಾಟಿ. ಮಂಡಿ ತನಕ ಕೆಸರು, ಮೇಲೆ ನಾಲ್ಕು ಬೆರಳು ನೀರು. ಜನ ಕಾಣದ ಮೂಲೆಗಳಲ್ಲಿ ಹುಂಡುಕೋಳಿ ಗೂಡು ಕಟ್ಟುತ್ತದೆ. ಕೆರೆಯಲ್ಲಿ ಗುಳುಮುಳುಕ ತೇಲುವ ಗೂಡು ಮಾಡುತ್ತದೆ. ದೇವನಕ್ಕಿಯದ್ದಂತೂ ವಿಚಿತ್ರ ಸಂಸಾರ. ಹೆಣ್ಣು ಎಲೆಗಳ ಮೇಲೆ ನಾಲ್ಕು ಮೊಟ್ಟೆ ಇಟ್ಟು ಇನ್ನೊಂದು ಗಂಡಿನ ಕಡೆ ಹೋಗುತ್ತದೆ. ಕಾವು ಕೊಡುವುದು, ಮರಿಗಳನ್ನು ರೆಕ್ಕೆಯಡಿ ಎತ್ತಿಕೊಂಡು ಓಡುವುದು ಎಲ್ಲ ಗಂಡಿನ ಕೆಲಸ. ತೇಲುವ ಎಲೆ ಇಲ್ಲದಿದ್ದರೆ ಈ ಹಕ್ಕಿಗೆ ಮನೆಯೇ ಇಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ.

ನಾಟಿ ಮುಗಿದು ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬರುವ ಹೊತ್ತಿಗೆ, ಸೆಪ್ಟೆಂಬರ್‌ನಲ್ಲಿ, ಬೂದು ಸಿಪಿಲೆ ಇಳಿಯುತ್ತದೆ. ಹಳದಿ ಹೊಟ್ಟೆ, ಸದಾ ಕುಣಿಯುವ ಉದ್ದ ಬಾಲ. ಹಿಮಾಲಯದ ಕಡೆಯಿಂದ ಬಂದ ಹಕ್ಕಿ ನಮ್ಮ ಕೋವಿ ಪೂಜೆಯ ದಿನ ಅಂಗಳದಲ್ಲಿ ಓಡಾಡುತ್ತಿರುತ್ತದೆ. ತೆನೆ ಬಲಿಯುವಾಗ ಗೀಜಗ, ರಾಟವಾಳದ ಗುಂಪು. ಅವು ಕಾಳು ತಿನ್ನುತ್ತವೆ, ಬೈಸಿಕೊಳ್ಳುತ್ತವೆ, ಆದರೂ ಇರುತ್ತವೆ.

ಸುಗ್ಗಿ ಹಬ್ಬ ಪುತ್ತರಿ ಕಳೆದು ಕೊಯ್ಲು ಮುಗಿದ ಮೇಲೆ ಬಯಲು ಖಾಲಿ ಕಾಣುತ್ತದೆ. ಹಕ್ಕಿ ನೋಡುವವರಿಗೆ ಅದೇ ಹಬ್ಬ. ಕೂಳೆಗಳ ನಡುವೆ ಅಂಗುಲ ಎರಡು ಅಂಗುಲ ನೀರು ಉಳಿದಿರುತ್ತದೆ. ಎಸ್ಟೇಟಿನವರು ಸ್ನೈಪ್ ಅನ್ನುವ ಉಲ್ಲಂಕಿ ಅಲ್ಲಿ ಬೆಳಗ್ಗೆ ಕೊಕ್ಕನ್ನು ಬುಡದ ತನಕ ಕೆಸರಿಗೆ ಇಳಿಸಿ ಹುಳ ಹುಡುಕುತ್ತದೆ. ಅದರ ಕೊಕ್ಕಿನ ತುದಿಗೆ ಸ್ಪರ್ಶ ಗೊತ್ತಾಗುತ್ತದೆ, ಮಣ್ಣಿನೊಳಗೇ ತುದಿಯನ್ನು ಮಾತ್ರ ತೆರೆಯಬಲ್ಲದು. ಪಕ್ಕದಲ್ಲಿ ಗದ್ದೆಗೊರವ. ಒಮ್ಮೊಮ್ಮೆ ಬಿಳಿ ಕತ್ತಿನ ಕೊಕ್ಕರೆ ಜೋಡಿ, ಬಸವನಹುಳು ಹುಡುಕುವ ಬಾಯ್ಕಳಕ ಕೊಕ್ಕರೆ. ಅಜ್ಜನ ಕಾಲದಲ್ಲಿ ಉಲ್ಲಂಕಿ ಬೇಟೆ ಒಂದು ಹೆಮ್ಮೆಯ ವಿಷಯವಾಗಿತ್ತು. ಅಂಕುಡೊಂಕಾಗಿ ಹಾರುವ ಹಕ್ಕಿಗೆ ಗುರಿ ಇಡುವುದು ಕಷ್ಟ ಅಲ್ವಾ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ನಿಂತಿತು, ನಿಂತದ್ದು ಒಳ್ಳೆಯದೇ. ಆದರೆ ಕೋವಿಗೆ ಬಗ್ಗದೆ ಉಳಿದ ಹಕ್ಕಿ ಜೆಸಿಬಿಗೆ ಬಗ್ಗಿತು.

2019ರಿಂದ ಆಚೆ

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಿನ ಬೆಟ್ಟಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ನಮ್ಮ ದಕ್ಷಿಣ ಕೊಡಗಿನ ಸರದಿ. ತೋರ ಗ್ರಾಮದಲ್ಲಿ ಗುಡ್ಡ ಜರಿದು ಜನ ಸತ್ತರು. ಅದರ ಮುಂದೆ ನಮ್ಮದು ದೊಡ್ಡ ನಷ್ಟವೇನಲ್ಲ. ಮೇಲಿನ ಬರೆ ಜಾರಿ ಮಣ್ಣು, ಮರಳು, ಕಾಫಿ ಗಿಡದ ಬೇರು ಎಲ್ಲ ಕೆರೆಗೆ ಬಂದು ಬಿದ್ದವು. ಕೋಡಿ ಒಡೆಯಿತು. ನಾಟಿ ಮಾಡಿದ್ದ ಮೇಲಿನ ಗದ್ದೆಗಳ ಮೇಲೆ ಮೊಣಕಾಲೆತ್ತರ ಮಣ್ಣು.

ಆ ವರ್ಷ ಗದ್ದೆ ಬಿಟ್ಟೆವು. ಮರು ವರ್ಷವೂ ಬಿಟ್ಟೆವು. ನಿಜ ಹೇಳಬೇಕೆಂದರೆ ಬಿಡಲು ಒಂದು ನೆಪ ಬೇಕಿತ್ತು. ನಾಟಿಗೆ ಜನ ಸಿಗುವುದಿಲ್ಲ. ತೆನೆ ಹಾಲು ತುಂಬುವ ಹೊತ್ತಿಗೆ ಆನೆ ಬರುತ್ತದೆ, ಉಳಿದದ್ದಕ್ಕೆ ಹಂದಿ. ಅಂಗಡಿಯಲ್ಲಿ ಅಕ್ಕಿ ಕೊಂಡರೆ ಅಗ್ಗ. ಕೊಡಗಿನಲ್ಲಿ ಗದ್ದೆ ಇರುವ ಯಾವ ಮನೆಯಲ್ಲಿ ಈ ಮಾತು ಬಂದಿಲ್ಲ ಹೇಳಿ?

ಪಾಳು ಬಿಟ್ಟ ಮೊದಲ ವರ್ಷ ನನಗೆ ಖುಷಿಯೇ ಆಗಿತ್ತು. ಹಕ್ಕಿಗಳು ಜಾಸ್ತಿಯಾದವು. ಬದುಗಳು ಗಟ್ಟಿ ಇದ್ದವು, ಮಳೆ ನೀರು ನಿಲ್ಲುತ್ತಿತ್ತು, ಹುಲ್ಲು ಎತ್ತರ ಬೆಳೆಯಿತು, ಯಾರೂ ಓಡಾಡಲಿಲ್ಲ. ಹುಂಡುಕೋಳಿ ಮರಿಗಳು ಕಪ್ಪು ಉಣ್ಣೆಯ ಉಂಡೆಗಳ ಹಾಗೆ ಎಲ್ಲೆಂದರಲ್ಲಿ. ನೇರಳೆ ಜಂಬುಕೋಳಿ ಕೆರೆ ಬಿಟ್ಟು ಗದ್ದೆಗೂ ಇಳಿಯಿತು. 'ನೋಡಿ, ಸುಮ್ಮನೆ ಬಿಟ್ಟರೆ ಪ್ರಕೃತಿ ತಾನೇ ನೋಡಿಕೊಳ್ಳುತ್ತದೆ' ಅಂತ ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದು ಅವಸರದ ತೀರ್ಮಾನ.

ಗದ್ದೆಯಲ್ಲಿ ನೀರು ತಾನಾಗಿ ನಿಲ್ಲುವುದಿಲ್ಲ. ಪ್ರತಿ ವರ್ಷ ಯಾರೋ ಬದು ಕಡಿದು, ಮೆತ್ತಿ, ಏಡಿ ತೂತು ಮುಚ್ಚಿ, ಮಡೆ ತಿರುಗಿಸಿ ನಿಲ್ಲಿಸುತ್ತಾರೆ. ಎರಡು ಮಳೆಗಾಲ ಆ ಕೆಲಸ ನಿಂತಿತು. ಏಡಿ ತೂತು ದೊಡ್ಡದಾಯಿತು, ಬದುಗಳು ಒಂದೊಂದಾಗಿ ಕುಸಿದವು, ತೋಡು ಆಳಕ್ಕೆ ಕೊರೆಯಿತು. ಮೂರನೇ ಮಳೆಗಾಲಕ್ಕೆ ಬಿದ್ದ ನೀರು ಬಿದ್ದ ಹಾಗೇ ಹರಿದು ಹೋಯಿತು. ಕೆಸರು ಇದ್ದಲ್ಲಿ ಹುಲ್ಲು, ಹುಲ್ಲು ಇದ್ದಲ್ಲಿ ಲಂಟಾನ. ಹಗಲಿಗೆ ಆನೆ ಮಲಗಲು ಒಳ್ಳೆ ಜಾಗ. ಉಲ್ಲಂಕಿಗೆ ಕಾಲಿಡಲು ಒಂದು ಅಡಿ ಕೆಸರಿಲ್ಲ. ಮನುಷ್ಯ ಕೈ ಬಿಟ್ಟರೆ ಕಾಡು ಮರಳಬಹುದು, ಆದರೆ ಮನುಷ್ಯನೇ ಕಟ್ಟಿದ ಜೌಗು ಮರಳುವುದಿಲ್ಲ. ಇದನ್ನು ಕಣ್ಣಾರೆ ಕಂಡ ಮೇಲೇ ನನಗೆ ಅರ್ಥವಾಯಿತು.

ಈ ನಡುವೆ ಕೆಳಗಿನ ಭಾಗದ ಗದ್ದೆಯನ್ನು ಅದರ ಯಜಮಾನರು ಶುಂಠಿಗೆ ಗುತ್ತಿಗೆ ಕೊಟ್ಟರು. ಅವರನ್ನು ದೂರುವುದಿಲ್ಲ. ಮಗಳ ಓದಿಗೆ ದುಡ್ಡು ಬೇಕಿತ್ತು, ಭತ್ತ ಅದನ್ನು ಕೊಡುತ್ತಿರಲಿಲ್ಲ. ಆದರೆ ಶುಂಠಿ ಮತ್ತು ಭತ್ತ ನೀರಿನ ವಿಷಯದಲ್ಲಿ ಪೂರ್ತಿ ವಿರುದ್ಧ. ಭತ್ತಕ್ಕೆ ನೀರು ನಿಲ್ಲಬೇಕು, ಶುಂಠಿಗೆ ನಿಂತರೆ ಕೊಳೆ ರೋಗ. ಹಾಗಾಗಿ ಬದು ಕಿತ್ತು, ಎತ್ತರದ ಮಡಿ ಮಾಡಿ, ನಡುವೆ ಆಳದ ಕಾಲುವೆ ತೆಗೆದು ನೀರನ್ನೆಲ್ಲ ತೋಡಿಗೆ ಬಿಟ್ಟರು. ರೋಗದ ಭಯಕ್ಕೆ ಮರು ವರ್ಷ ಅದೇ ಮಣ್ಣಿನಲ್ಲಿ ಹಾಕುವುದಿಲ್ಲ, ಬೇರೆ ಗದ್ದೆ ಹುಡುಕುತ್ತಾರೆ. ಒಂದು ಬೆಳೆ ತೆಗೆದು ಹೋದ ಮೇಲೆ ಉಳಿಯುವುದು ಬದುವಿಲ್ಲದ ಗದ್ದೆ.

ಆ ವರ್ಷ ಶುಂಠಿ ಮಡಿಗಳ ಪಕ್ಕ ಸತ್ತ ಗೋವಕ್ಕಿಗಳು ಸಿಕ್ಕಿದವು. ಮಡಿಗೆ ಹರಳು ಔಷಧಿ ಹಾಕಿ ಎರಡು ದಿನವಾಗಿತ್ತು. ಇಂಥ ಹರಳನ್ನು ಹಕ್ಕಿಗಳು ಕಾಳೋ ಮರಳೋ ಅಂತ ನುಂಗುತ್ತವೆ, ಇಲ್ಲವೇ ವಿಷ ತಿಂದ ಹುಳವನ್ನು ತಿನ್ನುತ್ತವೆ. ಫೋರೇಟ್ ಅನ್ನುವ ಹರಳು ಔಷಧಿಯನ್ನು ದೇಶದಲ್ಲಿ 2020ರ ಕೊನೆಗೆ ನಿಷೇಧಿಸಿದ ಕಾರಣಗಳಲ್ಲಿ ಹಕ್ಕಿ, ಜಲಜೀವಿಗಳಿಗೆ ಅದು ಮಾಡುವ ಕೇಡೂ ಸೇರಿದೆ. ನಮ್ಮಲ್ಲಿ ಹಾಕಿದ್ದು ಯಾವುದು ಅಂತ ನಾವು ಆಗಲೇ ಕೇಳಬೇಕಿತ್ತು. ಸತ್ತ ಹಕ್ಕಿಯನ್ನು ಪರೀಕ್ಷೆಗೂ ಕಳಿಸಬೇಕಿತ್ತು. ಎರಡನ್ನೂ ಮಾಡಲಿಲ್ಲ, ಗುಂಡಿ ತೋಡಿ ಹೂತೆವು. ಮುಂದೆ ಯಾರಿಗಾದರೂ ಹೀಗಾದರೆ ದಯವಿಟ್ಟು ಹೂಳುವ ಮೊದಲು ಪಶು ವೈದ್ಯರಿಗೆ ಫೋನ್ ಮಾಡಿ.

ಆಳವಾದ ಕೆರೆ

ಕೆರೆಯ ಹೂಳೆತ್ತಿಸುವ ಮಾತು ತೋಟದಿಂದ ಬಂತು. ರೋಬಸ್ಟಾ ಕಾಫಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಅರಳಿಸುವ ಹೂಮಳೆ ಬೇಕು. ಮಳೆ ಕೈ ಕೊಟ್ಟರೆ ಸ್ಪ್ರಿಂಕ್ಲರ್. ಆಮೇಲೆ ಹೂವು ಕಾಯಿ ಕಟ್ಟಲು ಬೇಕಾದ ಹಿಂಬಲಿಕೆ ಮಳೆಯೂ ಬರದಿದ್ದರೆ ಇನ್ನೊಂದು ಸುತ್ತು. ನೀರು ಜಾಸ್ತಿ ಬೇಕು ಅಂದರೆ ಕೆರೆ ಆಳವಾಗಬೇಕು. ಬೇಸಿಗೆಯಲ್ಲಿ ಜೆಸಿಬಿ ಬಂತು. ಒಂದು ವಾರ ತೋಡಿತು. ಹೂಳಿನ ಜೊತೆ ಕೆರೆಯ ಇಳಿಜಾರು ಅಂಚೂ ಹೋಯಿತು, ನಾಲ್ಕೂ ಕಡೆ ಗೋಡೆಯ ಹಾಗೆ ನೆಟ್ಟಗೆ ನಿಂತಿತು. ಆಂಬಲ್ (ನೈದಿಲೆ) ಬಳ್ಳಿ, ಜೊಂಡು, ಅಂಚಿನ ಕೇದಗೆ ಎಲ್ಲ ಕಸ ಅಂತ ಲಾರಿ ಹತ್ತಿತು. ನೋಡಿದವರೆಲ್ಲ ಕೆರೆ ಈಗ ಚೊಕ್ಕಟವಾಯಿತು ಅಂದರು.

ಆ ಮಳೆಗಾಲವೇ ದೊಡ್ಡಪ್ಪ ಏರಿ ಮೇಲೆ ನಿಂತು ಹಾಗೆ ಅಂದದ್ದು.

ಉತ್ತರ ಹೇಳಿದವರು ನಮ್ಮ ಗದ್ದೆಯಲ್ಲಿ ಎಷ್ಟೋ ವರ್ಷ ನಾಟಿ ಮಾಡಿದ ಎರವ ಸಮುದಾಯದ ಅಕ್ಕ. ಸೌದೆ ಹೊತ್ತು ಏರಿ ಮೇಲೆ ಹೋಗುತ್ತಿದ್ದರು. ನಾನು ಕೇಳಿದೆ, "ಅಕ್ಕ, ಹಕ್ಕಿ ಎಲ್ಲ ಎಲ್ಲಿಗೆ ಹೋದ್ವು?" ಅವರು ಕೆರೆಯನ್ನು ನೋಡಿ, "ಕಾಲು ಊರೋಕೆ ಜಾಗ ಎಲ್ಲಿದೆ ಅಣ್ಣ? ಇಳಿದ್ರೆ ಮುಳುಗ್ತಾವೆ" ಅಂದು ಹೊರಟೇ ಹೋದರು.

ಅಷ್ಟೇ ವಿಷಯ. ನೀರು ಹಕ್ಕಿ ಅಂದ ಕೂಡಲೇ ನಮಗೆ ಈಜುವ ಹಕ್ಕಿ ನೆನಪಾಗುತ್ತದೆ. ಆದರೆ ನಮ್ಮ ಬಯಲಿಗೆ ಬರುವ ಹೆಚ್ಚಿನ ಹಕ್ಕಿಗಳು ಈಜುವುದಿಲ್ಲ, ನಡೆಯುತ್ತವೆ. ಗದ್ದೆಗೊರವದ ಕಾಲು ನನ್ನ ಬೆರಳಿನಷ್ಟೂ ಉದ್ದ ಇಲ್ಲ, ಅದಕ್ಕೆ ಒಂದೆರಡು ಅಂಗುಲ ನೀರು ಸಾಕು. ಕೊಳಬಕಕ್ಕೆ ಒಂದು ಗೇಣು ಹೆಚ್ಚೇ ಆಯಿತು. ಬೆಳ್ಳಕ್ಕಿಗೆ ಸ್ವಲ್ಪ ಜಾಸ್ತಿ, ಕೊಕ್ಕರೆಗೆ ಇನ್ನೂ ಸ್ವಲ್ಪ. ಇಳಿಜಾರು ಅಂಚಿನ ಕೆರೆಯಲ್ಲಿ ನೀರು ಇಳಿದ ಹಾಗೆ ಪ್ರತಿ ವಾರ ಹೊಸ ಕೆಸರಿನ ಪಟ್ಟಿ ತೆರೆದುಕೊಳ್ಳುತ್ತದೆ, ಪ್ರತಿ ಕಾಲಿಗೂ ಅದರದ್ದೇ ಅಳತೆಯ ನೀರು ಸಿಗುತ್ತದೆ. ಗೋಡೆ ಅಂಚಿನ ಕೆರೆಯಲ್ಲಿ ನೀರು ಇಳಿದರೂ ಗೋಡೆ ಮಾತ್ರ ಕಾಣುತ್ತದೆ. ಅಲ್ಲಿ ಬದುಕಬಲ್ಲದ್ದು ಮುಳುಗಿ ಮೀನು ಹಿಡಿಯುವ ನೀರುಕಾಗೆ, ಮೇಲಿಂದ ಧುಮುಕುವ ಮಿಂಚುಳ್ಳಿ. ಎರಡೂ ನಮ್ಮ ಕೆರೆಯಲ್ಲಿ ಉಳಿದಿದ್ದವು.

ಗದ್ದೆ ಇದ್ದಾಗ ಕೆರೆಯ ಈ ಕೊರತೆ ಅಷ್ಟು ಹೊಡೆಯುತ್ತಿರಲಿಲ್ಲವೇನೋ. ಇಡೀ ಬಯಲೇ ನಾಲ್ಕು ಬೆರಳು ನೀರಿನ ತಟ್ಟೆಯಾಗಿತ್ತು. ಮಳೆಗಾಲದಲ್ಲಿ ಗದ್ದೆಯಲ್ಲಿ ಮೇವು, ಕೆರೆಯಲ್ಲಿ ಗೂಡು. ಬೇಸಿಗೆಯಲ್ಲಿ ಗದ್ದೆ ಒಣಗಿದಾಗ ಕೆರೆಯ ಅಂಚಿನಲ್ಲಿ ಮೇವು. ಎರಡೂ ಸೇರಿ ಒಂದು ವರ್ಷ. ನಾವು ಒಂದನ್ನು ಪಾಳು ಬಿಟ್ಟು ಇನ್ನೊಂದನ್ನು ಬಾವಿ ಮಾಡಿದೆವು.

ಸರಿಪಡಿಸಲು ಮಾಡಿದ್ದು

ಮರು ಬೇಸಿಗೆ ಮನೆಯವರೆಲ್ಲ ಕೂತು ಮಾತಾಡಿದೆವು. ಜಗಳವೂ ಆಯಿತು. ತೋಟಕ್ಕೆ ನೀರು ಬೇಡ ಅನ್ನಲು ಯಾರಿಗೂ ಆಗುವುದಿಲ್ಲ, ಊಟ ಅಲ್ಲಿಂದಲೇ. ಹಾಗಾಗಿ ಕೆರೆಯ ಮುಕ್ಕಾಲು ಭಾಗ ಆಳವಾಗಿಯೇ ಇರಲಿ, ತಲೆಯ ಕಡೆ, ತೋಡು ಬಂದು ಸೇರುವ ಮೂಲೆಯನ್ನು ಹಕ್ಕಿಗೆ ಬಿಡೋಣ ಅಂತ ತೀರ್ಮಾನ. ಹೂಳು ಅಂತ ರಾಶಿ ಹಾಕಿದ್ದ ಮಣ್ಣನ್ನೇ ಅದೇ ಜೆಸಿಬಿಯಿಂದ ಆ ಮೂಲೆಗೆ ವಾಪಸ್ ತಳ್ಳಿಸಿ ಇಳಿಜಾರು ಮಾಡಿಸಿದೆವು. ಮಣ್ಣು ತೆಗೆದು ಮತ್ತೆ ಹಾಕಿದ್ದಕ್ಕೆ ಎರಡು ಸಲ ಬಾಡಿಗೆ ಕೊಟ್ಟೆವು. ಹೂಳೆತ್ತಿಸುವ ಮೊದಲೇ ಒಂದು ಅಂಚನ್ನು ಮುಟ್ಟಬೇಡಿ ಅಂತ ಡ್ರೈವರ್‌ಗೆ ಹೇಳಿದ್ದರೆ ಪುಕ್ಕಟೆಯಾಗಿ ಆಗುತ್ತಿತ್ತು. ಈ ಬರಹ ಓದಿ ಒಬ್ಬರು ಆ ಒಂದು ಮಾತು ಹೇಳಿದರೂ ನನಗೆ ಸಮಾಧಾನ.

ಮೋಟರಿನ ವಿಷಯ ಇನ್ನೂ ಕಷ್ಟದ್ದು. ಹಕ್ಕಿಗೆ ಕೆರೆ ಅತಿ ಹೆಚ್ಚು ಬೇಕಾಗುವುದು ಗದ್ದೆ ಒಣಗಿದ ಫೆಬ್ರವರಿ, ಮಾರ್ಚ್‌ನಲ್ಲಿ. ತೋಟಕ್ಕೂ ಅದೇ ತಿಂಗಳು. ಹಿಂದೆ ಮೋಟರ್ ಗಾಳಿ ಎಳೆಯುವ ತನಕ ಹೊಡೆಯುತ್ತಿದ್ದೆವು. ಮೀನು ಸತ್ತು, ಕೆಸರು ಬಿರುಕು ಬಿಟ್ಟು, ಬಾತುಗಳು ಎದ್ದು ಹೋಗುತ್ತಿದ್ದವು. ಈಗ ಕೆರೆಯೊಳಗೆ ಒಂದು ಕಲ್ಲು ನೆಟ್ಟಿದ್ದೇವೆ. ನೀರು ಆ ಕಲ್ಲಿನ ತಲೆಗೆ ಇಳಿದರೆ ಮೋಟರ್ ಆಫ್. ಕಲ್ಲು ಎಲ್ಲಿ ನೆಡಬೇಕು ಅನ್ನುವುದಕ್ಕೇ ಮೂರು ದಿನ ಮಾತಾಡಿದ್ದೇವೆ.

ಕಳೆ ತೆಗೆಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಕೆರೆ ಮುಚ್ಚಿಯೇ ಹೋಗುತ್ತದೆ. ಆದರೆ ಒಂದು ವರ್ಷ ಅರ್ಧ ಭಾಗ, ಮರು ವರ್ಷ ಇನ್ನರ್ಧ. ಅದೂ ಏಪ್ರಿಲ್‌ನಲ್ಲೇ ಮುಗಿಸಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಯಾರೂ ಕೈ ಹಾಕುವಂತಿಲ್ಲ, ದೇವನಕ್ಕಿ, ಗುಳುಮುಳುಕ, ಜಂಬುಕೋಳಿ ಎಲ್ಲದರ ಗೂಡು ಆಗಲೇ. ಡಿಸೆಂಬರ್, ಜನವರಿಯಲ್ಲಿ ಮೇಲಿನ ಪಲ್ಪರ್‌ನಿಂದ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರದಿಂದ, ಬರುತ್ತಿದ್ದ ಹುಳಿ ವಾಸನೆಯ ಕಪ್ಪು ನೀರನ್ನು ತೋಡಿಗೆ ಬಿಡುವ ಬದಲು ಇಂಗು ಗುಂಡಿಗಳಿಗೆ ತಿರುಗಿಸಿದೆವು. ಆ ನೀರು ಸೇರಿದರೆ ಕೆರೆಯ ಆಮ್ಲಜನಕ ಕಡಿಮೆಯಾಗಿ ಮೊದಲು ಸಾಯುವುದು ಹಕ್ಕಿ ತಿನ್ನುವ ಹುಳಗಳೇ.

ಗದ್ದೆ ಮಾತ್ರ ಎಲ್ಲಕ್ಕಿಂತ ದೊಡ್ಡ ಕೆಲಸ. ಇಡೀ ಬಯಲು ಮಾಡಲು ಶಕ್ತಿ ಇರಲಿಲ್ಲ. ಕೆರೆಗೆ ಹತ್ತಿರದ ಎರಡು ಎಕರೆ ಹಿಡಿದೆವು. ಬದು ಕಟ್ಟಲು ಗೊತ್ತಿದ್ದವರು ಊರಿನಲ್ಲಿ ಮೂರೇ ಜನ ಉಳಿದಿದ್ದರು, ಮೂವರೂ ಅರವತ್ತು ದಾಟಿದವರು. ಅವರ ಜೊತೆ ನಮ್ಮ ಹುಡುಗರನ್ನು ಗುದ್ದಲಿ ಕೊಟ್ಟು ನಿಲ್ಲಿಸಿದೆವು. ಕೆಸರು ಎಷ್ಟು ಹದ ಇದ್ದರೆ ಬದು ನಿಲ್ಲುತ್ತದೆ, ಏಡಿ ತೂತಿಗೆ ಯಾವ ಮಣ್ಣು, ಇದು ಪುಸ್ತಕದಲ್ಲಿ ಇರುವ ವಿದ್ಯೆಯಲ್ಲ. ಹಕ್ಕಿ ಸಂರಕ್ಷಣೆ ಅಂತ ನಾನು ಏನೆಲ್ಲ ಓದಿದ್ದೆ, ಈ ಮೂವರ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ಏನು ಬಂತು, ಏನು ಬರಲಿಲ್ಲ

ಗೋವಕ್ಕಿ ಮೊದಲ ದಿನವೇ ಬಂತು. ಟಿಲ್ಲರ್ ಸದ್ದು ಕೇಳಿ ಬಂತೋ ಎಂಬಂತೆ. ಆ ಚಳಿಗಾಲದಲ್ಲೇ ಕೂಳೆ ಗದ್ದೆಯಲ್ಲಿ ನಡೆಯುವಾಗ ಕಾಲ ಬುಡದಿಂದ ಒಂದು ಉಲ್ಲಂಕಿ ಕಿರ್ ಅಂತ ಎದ್ದು ಅಂಕುಡೊಂಕಾಗಿ ಹಾರಿತು. ನಾನು ಕೆಸರಿನಲ್ಲೇ ನಿಂತುಬಿಟ್ಟೆ. ಅಷ್ಟು ದೂರದಿಂದ ಬಂದ ಹಕ್ಕಿ, ಇಲ್ಲಿ ಮತ್ತೆ ಕೆಸರಾಗಿದೆ ಅಂತ ಅದಕ್ಕೆ ಹೇಗೆ ಗೊತ್ತಾಯಿತೋ.

ಹುಂಡುಕೋಳಿ ಎರಡನೇ ಮಳೆಗಾಲಕ್ಕೆ ಮರಿ ಮಾಡಿತು. ಇಳಿಜಾರು ಮೂಲೆಯಲ್ಲಿ ಆಂಬಲ್ ತಾನಾಗಿ ಚಿಗುರಲಿಲ್ಲ. ಪಕ್ಕದ ಊರಿನ ಕೆರೆಯಿಂದ ಗೆಡ್ಡೆ ತಂದು ನೆಟ್ಟೆವು, ಅದು ಹರಡಲು ಎರಡು ವರ್ಷ ಬೇಕಾಯಿತು. ಮೂರನೇ ಮಳೆಗಾಲದಲ್ಲಿ ಒಂದು ಬೆಳಗ್ಗೆ ಎಲೆಗಳ ಮೇಲೆ ದೇವನಕ್ಕಿ. ತಾಮ್ರದ ಬಣ್ಣದ ರೆಕ್ಕೆ, ಕಣ್ಣಿನ ಮೇಲೆ ಬಿಳಿ ಪಟ್ಟೆ. ದೊಡ್ಡಪ್ಪನನ್ನು ಕರೆದುಕೊಂಡು ಬಂದೆ. ಅವರು ತುಂಬಾ ಹೊತ್ತು ನೋಡಿ, "ನಮ್ಮವ್ವ ಇದಕ್ಕೆ ಅಕ್ಕಿ ಹಾಕೋಕೆ ಹೋಗ್ತಿದ್ರು, ತಿಂತಿರ್ಲಿಲ್ಲ" ಅಂದರು.

ಜಂಬುಕೋಳಿ ಇನ್ನೂ ಬಂದಿಲ್ಲ. ಅದಕ್ಕೆ ದಟ್ಟ ಜೊಂಡು ಬೇಕು, ನಮ್ಮಲ್ಲಿ ಅಷ್ಟಿಲ್ಲ. ಬಿಳಿ ಕತ್ತಿನ ಕೊಕ್ಕರೆ ಜೋಡಿ ಒಂದೇ ಒಂದು ಸಲ ಇಳಿದು ಹೋಯಿತು. ತುಂಡಾದ ಬಯಲು ಅವಕ್ಕೆ ಸಾಲದೇನೋ ಅಂತ ನನ್ನ ಅನಿಸಿಕೆ. ಎರಡು ಎಕರೆ ಉಲ್ಲಂಕಿಗೆ ಲೋಕ, ಕೊಕ್ಕರೆಗೆ ಒಂದು ಅಂಗಳ. ಇನ್ನು ಆನೆ ಎರಡನೇ ವರ್ಷದ ಬೆಳೆಯಲ್ಲಿ ಅರ್ಧವನ್ನು ಒಂದೇ ರಾತ್ರಿಯಲ್ಲಿ ಮುಗಿಸಿತು. ಅದನ್ನೂ ಈ ಲೆಕ್ಕದಲ್ಲಿ ಬರೆಯಲೇಬೇಕು.

ಲೆಕ್ಕಕ್ಕೆ ಸಿಗದ ಗದ್ದೆ

ಕೊಡಗಿನಲ್ಲಿ ನಾಗರಹೊಳೆ ಇದೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ವನ್ಯಧಾಮಗಳಿವೆ. ಎಲ್ಲವೂ ಕಾಡು, ಬೆಟ್ಟ. ತಗ್ಗಿನ ಗದ್ದೆ ಬಯಲು ಯಾವುದರೊಳಗೂ ಬರುವುದಿಲ್ಲ. ಹಾಗಾದರೆ ಜೌಗು ಪ್ರದೇಶದ ಕಾನೂನಾದರೂ ಇದೆಯಲ್ಲ ಅಂತ ನೋಡಿದರೆ, ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳು ಭತ್ತದ ಗದ್ದೆಯನ್ನು ಹೆಸರಿಸಿಯೇ ಹೊರಗಿಟ್ಟಿವೆ. ನೀರಾವರಿಗೆ ಅಂತ ಮನುಷ್ಯರು ಕಟ್ಟಿದ ಕೆರೆಯೂ ಹೊರಗೆ. ಅಂದರೆ ನಮ್ಮ ಬಯಲಿನಲ್ಲಿ ಹಕ್ಕಿ ಬದುಕುವ ಎರಡೂ ಜಾಗ ಕಾನೂನಿನ ಕಣ್ಣಿಗೆ ಜೌಗೇ ಅಲ್ಲ. ರಾಮ್ಸರ್ ಒಪ್ಪಂದದ ದೇಶಗಳು 2008ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವಾನ್‌ನಲ್ಲಿ ಸೇರಿದಾಗ ಭತ್ತದ ಗದ್ದೆಗಳನ್ನು ಜೌಗು ವ್ಯವಸ್ಥೆ ಅಂತ ಗುರುತಿಸಿ ನಿರ್ಣಯ ಮಾಡಿದ್ದವು. ಆ ಒಪ್ಪಂದದಲ್ಲಿ ಭಾರತವೂ ಇದೆ.

ಗದ್ದೆಗೆ ಬೇಲಿ ಹಾಕಿ ಪಕ್ಷಿಧಾಮ ಮಾಡಿ ಅಂತ ನಾನು ಕೇಳುತ್ತಿಲ್ಲ. ಹಾಗೆ ಮಾಡಿದರೆ ಉಳುವವರು ಹೋಗುತ್ತಾರೆ, ಉಳುವವರು ಹೋದರೆ ಏನಾಗುತ್ತದೆ ಅಂತ ಮೇಲೆ ಹೇಳಿದ್ದೇನೆ. ಬೇಕಾಗಿರುವುದು ಉಳುವುದಕ್ಕೆ ಒಂದು ಆಸರೆ. ಕುಟ್ಟದಿಂದ ಆಚೆ ವಯನಾಡು. ಆ ಹೆಸರೇ 'ವಯಲ್ ನಾಡು', ಗದ್ದೆಗಳ ನಾಡು ಅಂತ ಅಲ್ಲಿಯವರು ಹೇಳುತ್ತಾರೆ. ಕೇರಳ 2008ರಲ್ಲೇ ಗದ್ದೆ ಮತ್ತು ಜೌಗು ಉಳಿಸಲು ಪ್ರತ್ಯೇಕ ಕಾಯ್ದೆ ಮಾಡಿತು. 2020ರಲ್ಲಿ ಗದ್ದೆಯನ್ನು ಗದ್ದೆಯಾಗಿಯೇ ಇಟ್ಟುಕೊಳ್ಳುವವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಧನ ಕೊಡಲು ಶುರು ಮಾಡಿತು. ಮೊತ್ತ ದೊಡ್ಡದಲ್ಲ, ಒಂದು ದಿನದ ನಾಟಿ ಕೂಲಿಗೂ ಸಾಲದು. ಆದರೆ ಗದ್ದೆ ಇಟ್ಟುಕೊಂಡವರು ನೀರನ್ನೂ ಊರನ್ನೂ ಸಾಕುತ್ತಿದ್ದಾರೆ ಅನ್ನುವ ಮಾತು ಅದರಲ್ಲಿದೆ. ಅದೇ ನಮ್ಮ ಕಡೆ ಬರಬೇಕು, ಕೊಡಗಿನ ಕೂಲಿ, ಕೊಡಗಿನ ಆನೆ ಎರಡನ್ನೂ ಲೆಕ್ಕಕ್ಕೆ ಹಿಡಿದು ಬರಬೇಕು.

ಹಕ್ಕಿ ಎಣಿಸುವವರಿಗೂ ಒಂದು ಮಾತು. ಏಷ್ಯಾದ ನೀರು ಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಬಹಳ ಬೆಲೆಯುಳ್ಳ ಕೆಲಸ. ಆದರೆ ಹೂಳೆತ್ತಿದ ಮರು ಜನವರಿ ನಮ್ಮ ಕೆರೆಗೆ ಯಾರಾದರೂ ಬಂದಿದ್ದರೆ ತುಂಬಿದ ನೀರು, ನೀರುಕಾಗೆ, ಎರಡು ಮಿಂಚುಳ್ಳಿ ಕಂಡು ಕೆರೆ ಚೆನ್ನಾಗಿದೆ ಅಂತ ಬರೆದು ಹೋಗುತ್ತಿದ್ದರು. ಇಲ್ಲಿ ಗೂಡು ಕಟ್ಟುವ ಹಕ್ಕಿಗಳ ಕಥೆ ಗೊತ್ತಾಗುವುದು ಜುಲೈನಲ್ಲಿ, ಜಿಗಣೆ ಹತ್ತಿಸಿಕೊಂಡು ಮಳೆಯಲ್ಲಿ ನಿಂತರೆ. ಕೊಡಗಿನ ಕೆರೆಗಳಿಗೆ ವರ್ಷಕ್ಕೆ ಮೂರು ಸಲವಾದರೂ ಹೋಗಬೇಕು: ನಾಟಿಯ ಹೊತ್ತಿಗೆ, ಪುತ್ತರಿ ಕಳೆದ ಮೇಲೆ, ಸ್ಪ್ರಿಂಕ್ಲರ್ ಹೊಡೆಯುವಾಗ. ನಮ್ಮ ಶಾಲೆಯ ಮಕ್ಕಳು ಈಗ ಹಾಗೆ ಮಾಡುತ್ತಿದ್ದಾರೆ. ಅವರ ಪಟ್ಟಿಯಲ್ಲಿ ಕಾಗುಣಿತ ತಪ್ಪು ಇರುತ್ತದೆ, ಹಕ್ಕಿ ತಪ್ಪು ಇರುವುದಿಲ್ಲ.

ಈ ಸಲ ಶುಂಠಿ ತೆಗೆದ ಕೆಳಗಿನ ಗದ್ದೆ ಖಾಲಿ ಇದೆ. ಯಜಮಾನರಿಗೆ ಒಬ್ಬರು ಸೈಟ್ ಮಾಡಲು ಕೇಳಿದ್ದಾರೆ, ಬೆಲೆಯೂ ಹೇಳಿದ್ದಾರೆ. ಮೊನ್ನೆ ಅವರು ಮನೆಗೆ ಬಂದಿದ್ದರು. "ಬದು ಕಟ್ಟೋರನ್ನ ಕಳಿಸ್ತೀಯಾ? ಒಂದು ವರ್ಷ ನೋಡ್ತೀನಿ, ಆಮೇಲೆ ಹೇಳ್ತೀನಿ" ಅಂದರು. ಮೂವರಲ್ಲಿ ಒಬ್ಬರಿಗೆ ಈಗ ಮೊಣಕಾಲು ನೋವು, ಗದ್ದೆಗೆ ಇಳಿಯಲು ಆಗುವುದಿಲ್ಲ. ಏರಿ ಮೇಲೆ ಕುರ್ಚಿ ಹಾಕಿಕೊಡಿ, ಕೂತು ಹೇಳಿಕೊಡುತ್ತೇನೆ ಅಂದಿದ್ದಾರೆ. ಮೇ ಕೊನೆಗೆ ಕೆಲಸ ಶುರು.